ಕಾಗದ ಎಲ್ಲಿದೆ?

ಭದ್ರಾ ನದಿಯ ಪಕ್ಕದಲ್ಲಿರುವ ನಮ್ಮ ಬಡಾವಣೆಗೆ ಕಾಗದನಗರ ಎಂಬ ಹೆಸರು ಬಂದದ್ದು ಮೈಸೂರು ಕಾಗದ ಕಾರ್ಖಾನೆಯಿಂದ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ, ಆ ಕಾರ್ಖಾನೆ ಸ್ಥಾಪನೆಯಾಯಿತು. ಅದಕ್ಕೂ ಮೊದಲೇ, 1923ರಲ್ಲಿ, ಕಬ್ಬಿಣದ ಕಾರ್ಖಾನೆ ಉರಿಯತೊಡಗಿತ್ತು. ಬೆಂಕಿಪುರ ಎಂದು ಕರೆಸಿಕೊಳ್ಳುತ್ತಿದ್ದ ಊರು ಭದ್ರಾವತಿಯಾಗಿ ಬೆಳೆದದ್ದು ಈ ಎರಡು ಕಾರ್ಖಾನೆಗಳ ಹೊಗೆಯಲ್ಲಿ. ಬೆಳೆಸಿದವರಲ್ಲಿ ಬಹಳ ಜನ ಹೊರಗಿನವರು. ಇವತ್ತಿಗೂ ಭದ್ರಾವತಿ ಸಂತೆಯಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತಮಿಳಿನಲ್ಲಿ ಮುಗಿಯುತ್ತದೆ, ನಡುವೆ ಒಂದಿಷ್ಟು ತೆಲುಗು, ಉರ್ದು ಬಂದು ಹೋಗುತ್ತದೆ. ಇದನ್ನು ಕೇಳಿ ಬೆರಗಾಗುವವರು ಹೊರಗಿನಿಂದ ಬಂದ ನೆಂಟರು ಮಾತ್ರ.

ಆಗ ತಮಿಳು ಸೀಮೆಯಿಂದ ಭದ್ರಾವತಿಗೆ ಬರುವುದೆಂದರೆ ಬ್ರಿಟಿಷ್ ಇಂಡಿಯಾದಿಂದ ಒಂದು ಸಂಸ್ಥಾನದೊಳಕ್ಕೆ ಬರುವುದು. ಆಡಳಿತ ಬೇರೆ, ಕಾನೂನು ಬೇರೆ. ಹೊರಗಿನವರ ವಿರುದ್ಧ ಮೈಸೂರಿನಲ್ಲಿ ಕೂಗು ಇರಲಿಲ್ಲವೆಂದಲ್ಲ. ಮೈಸೂರು ಮೈಸೂರಿಗರಿಗೆ ಎಂಬ ಮಾತು ಹತ್ತೊಂಬತ್ತನೆಯ ಶತಮಾನದಿಂದಲೇ ಇತ್ತು. ಆದರೆ ಆ ಜಗಳ ಮದರಾಸಿನಿಂದ ಬಂದು ದಿವಾನಗಿರಿಯಲ್ಲೂ ದೊಡ್ಡ ಹುದ್ದೆಗಳಲ್ಲೂ ಕೂತವರ ಬಗ್ಗೆ. ಕುಲುಮೆಯ ಮುಂದೆ ನಿಂತವನ ಊರು ಯಾವುದೆಂದು ಅದು ವಿಚಾರಿಸಿದಂತೆ ಕಾಣುವುದಿಲ್ಲ.

ಕುರ್ಚಿಗೊಂದು ನ್ಯಾಯ, ಕುಲುಮೆಗೊಂದು ನ್ಯಾಯ. ನಮ್ಮ ಕಾಲಕ್ಕೆ ಬರುವ ಹೊತ್ತಿಗೆ ಇದು ತಿರುಗುಮುರುಗಾಗಿದೆ. ಈಗ ಕುರ್ಚಿಯ ಮೇಲೆ ಕೂತವನನ್ನು ಯಾರೂ ಕೇಳುವುದಿಲ್ಲ, ಬುಟ್ಟಿ ಹೊತ್ತವನನ್ನು ಕೇಳುತ್ತಾರೆ: ಕಾಗದ ಎಲ್ಲಿದೆ?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. ಶರಾವತಿ ಯೋಜನೆಗಾಗಿ ಮನೆ, ತೋಟ ಮುಳುಗಿಸಿಕೊಂಡು ಕಾಡಂಚಿನಲ್ಲಿ ಬದುಕು ಕಟ್ಟಿಕೊಂಡವರಿಗೆ, ಬಗರ್‌ಹುಕುಂ ಸಾಗುವಳಿದಾರರಿಗೆ ಅದು ಚೆನ್ನಾಗಿ ಗೊತ್ತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಬುಡಕಟ್ಟಿಗೆ ಸೇರದವರು ಹಕ್ಕು ಕೇಳಬೇಕಾದರೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದುದನ್ನು ತೋರಿಸಬೇಕು. ಅಣೆಕಟ್ಟು ತುಂಬಿದ್ದು 1960ರ ದಶಕದಲ್ಲಿ. ಅದರ ನೀರಿನಿಂದ ಎದ್ದು ಬಂದವರಿಗೆ 75 ವರ್ಷ ಎಲ್ಲಿಂದ ಬರಬೇಕು? ಸರ್ಕಾರವೇ ಎಬ್ಬಿಸಿದವರನ್ನು ಸರ್ಕಾರವೇ ‘ನೀವು ಯಾವಾಗ ಬಂದಿರಿ’ ಎಂದು ಕೇಳಿದಂತೆ.

ಆ ಪ್ರಶ್ನೆ ಇಡೀ ನಾಡಿನ ಬೀದಿಗೆ ಬಂದದ್ದು 2019ರ ಡಿಸೆಂಬರಿನಲ್ಲಿ. ಆ ವರ್ಷದ ಆಗಸ್ಟ್ 31ರಂದು ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಬಂದಿತ್ತು. 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಅದರಲ್ಲಿರಲಿಲ್ಲ. ಡಿಸೆಂಬರಿನಲ್ಲಿ ಸಂಸತ್ತು ಪೌರತ್ವ ತಿದ್ದುಪಡಿ ಕಾಯ್ದೆಯನ್ನು ಒಪ್ಪಿತು. ಮೂರು ನೆರೆದೇಶಗಳಿಂದ 2014ರ ಅಂತ್ಯದೊಳಗೆ ಬಂದ ಆರು ಧರ್ಮದವರಿಗೆ ಪೌರತ್ವದ ದಾರಿ ಸುಲಭ ಮಾಡಿದ ಕಾಯ್ದೆ ಅದು. ಆರರಲ್ಲಿ ಮುಸ್ಲಿಮರು ಇಲ್ಲ. ಇದು ಪೌರತ್ವ ಕೊಡುವ ಕಾನೂನೇ ಹೊರತು ಕಸಿಯುವ ಕಾನೂನಲ್ಲ ಎಂದು ಬೆಂಬಲಿಸಿದವರು ಹೇಳಿದರು. ಕಾನೂನನ್ನಷ್ಟೇ ಹಿಡಿದು ಓದಿದರೆ ಅದು ನಿಜ. ಜನ ಅದನ್ನು ನೋಂದಣಿ ಪಟ್ಟಿಯ ಪಕ್ಕದಲ್ಲಿಟ್ಟು ಓದಿದರು, ಹೆದರಿದರು.

ಡಿಸೆಂಬರ್ 19ರಂದು ಬೆಂಗಳೂರಿನಲ್ಲಿ ನಿಷೇಧಾಜ್ಞೆ ಇತ್ತು. ಟೌನ್‌ಹಾಲ್ ಮುಂದೆ ಟಿವಿಯವರೊಡನೆ ಮಾತಾಡುತ್ತಿದ್ದ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಪೊಲೀಸರು ವಶಕ್ಕೆ ತೆಗೆದುಕೊಂಡರು. ಅದೇ ದಿನ ಮಂಗಳೂರಿನಲ್ಲಿ ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಮುಂದೆ, 2020ರ ಫೆಬ್ರವರಿಯಲ್ಲಿ, ಬೆಂಗಳೂರಿನ ಆ ನಿಷೇಧಾಜ್ಞೆ ಕಾನೂನಿನ ಪರೀಕ್ಷೆಗೆ ನಿಲ್ಲುವುದಿಲ್ಲವೆಂದು ಹೈಕೋರ್ಟ್ ಹೇಳಿತು. ಗುಂಡು ತಿಂದವರ ಪಾಲಿಗೆ ಯಾವ ತೀರ್ಪೂ ಕಾಲಕ್ಕೆ ಸರಿಯಾಗಿ ಬರುವುದಿಲ್ಲ.

ಮೆರವಣಿಗೆಗಳ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ನನಗೆ ಅದಕ್ಕಿಂತ ಹೆಚ್ಚು ಹೇಳಬೇಕೆನಿಸುವುದು ಒಂದು ತಿಂಗಳ ನಂತರ ಬೆಂಗಳೂರಿನ ಪೂರ್ವದಂಚಿನಲ್ಲಿ ನಡೆದದ್ದನ್ನು.

ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರ ಎಂಬ ಜಾಗವಿದೆ. ಸುತ್ತ ಗಾಜಿನ ಕಟ್ಟಡಗಳು, ಅಪಾರ್ಟ್‌ಮೆಂಟುಗಳು. ಅವುಗಳ ನಡುವೆ ಖಾಲಿ ಜಮೀನಿನಲ್ಲಿ ತಗಡು, ಟಾರ್ಪಾಲಿನ್ ಹೊದೆಸಿದ ಶೆಡ್ಡುಗಳು. ಅಲ್ಲಿದ್ದವರು ಆ ಅಪಾರ್ಟ್‌ಮೆಂಟುಗಳ ಕಸ ಎತ್ತುವವರು, ಮನೆಗೆಲಸದವರು, ಕಾವಲುಗಾರರು, ಕಟ್ಟಡ ಕೂಲಿಗಳು. ಪುಕ್ಕಟೆ ಕೂತವರಲ್ಲ, ಜಮೀನಿನವನಿಗೆ ಬಾಡಿಗೆ ಕೊಡುತ್ತಿದ್ದರು. 2020ರ ಜನವರಿಯಲ್ಲಿ ಆ ಭಾಗದ ಶಾಸಕರು ಶೆಡ್ಡುಗಳ ವಿಡಿಯೊ ಒಂದನ್ನು ಟ್ವೀಟ್ ಮಾಡಿ, ಇಲ್ಲಿ ಅಕ್ರಮ ಬಾಂಗ್ಲಾದೇಶಿಗಳು ಇರಬಹುದೆಂಬ ಶಂಕೆ ವ್ಯಕ್ತಪಡಿಸಿದರು. ಖಾಲಿ ಮಾಡಿಸುವಂತೆ ಜಮೀನಿನವರಿಗೆ ಪೊಲೀಸರ ನೋಟಿಸು ಹೋಯಿತು. ಪಾಲಿಕೆಯ ಎಂಜಿನಿಯರರೊಬ್ಬರು ತೆರವಿಗೆ ರಕ್ಷಣೆ ಕೊಡಿ ಎಂದು ಪೊಲೀಸರಿಗೆ ಪತ್ರ ಬರೆದರು. ಜನವರಿ 19, ಭಾನುವಾರದ ಹೊತ್ತಿಗೆ ನೂರಕ್ಕೂ ಹೆಚ್ಚು ಶೆಡ್ಡುಗಳು ಜೆಸಿಬಿಯ ಬಾಯಿಗೆ ಹೋಗಿದ್ದವು.

ಆ ಜನ ಏನು ಮಾಡಿದರು? ಚೀಲ ಬಿಚ್ಚಿ ಕಾಗದ ತೋರಿಸಿದರು. ಆಧಾರ್, ಮತದಾರರ ಚೀಟಿ, ಪ್ಯಾನ್ ಕಾರ್ಡು. ಅಸ್ಸಾಮಿನವರು ನೋಂದಣಿ ಪಟ್ಟಿಯಲ್ಲಿ ತಮ್ಮ ಹೆಸರಿರುವ ಪ್ರತಿಯನ್ನೇ ತೆಗೆದು ತೋರಿಸಿದರು; ದೇಶದಲ್ಲೇ ಅತಿ ಕಠಿಣವಾದ ಪರೀಕ್ಷೆಯಲ್ಲಿ ಪಾಸಾದ ಕಾಗದ ಅದು. ತ್ರಿಪುರಾದವರಿದ್ದರು. ನಮ್ಮದೇ ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಗುಳೆ ಬಂದವರೂ ಇದ್ದರು. ಕನ್ನಡನಾಡಿನ ರಾಜಧಾನಿಯಲ್ಲಿ, ಅಚ್ಚ ಕನ್ನಡ ಮಾತಾಡುವವರ ಗುಡಿಸಲು ಬಾಂಗ್ಲಾದೇಶಿಗಳ ಹೆಸರಿನಲ್ಲಿ ನೆಲಸಮವಾಯಿತು. ಕಾಗದ ನೋಡಿ ಜೆಸಿಬಿ ನಿಲ್ಲಲಿಲ್ಲ. ಏಕೆಂದರೆ ಅದು ಕಾಗದ ನೋಡಲು ಬಂದದ್ದೇ ಅಲ್ಲ.

ಆ ವಾರವೇ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೈಕೋರ್ಟಿಗೆ ಹೋಯಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರ ಪೀಠ ತೆರವಿಗೆ ತಡೆ ಕೊಟ್ಟಿತು. ಮುಂದಿನ ವಿಚಾರಣೆಗಳಲ್ಲಿ ಪೊಲೀಸರ ನಡೆಯನ್ನು ಖಂಡಿಸಿ, ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ಎಂಜಿನಿಯರ್ ಅಧಿಕಾರವಿಲ್ಲದೆ ಮಾಡಿದರೆಂದು ಪಾಲಿಕೆ ಕೈ ತೊಳೆದುಕೊಂಡಿತು.

ಹಾಗಾದರೆ ಶಂಕೆ ಹುಟ್ಟಿದ್ದು ಯಾವುದರಿಂದ? ಭಾಷೆಯಿಂದ, ಬಟ್ಟೆಯಿಂದ, ಬಡತನದಿಂದ. ಅದೇ ತಿಂಗಳು ಮಧ್ಯಪ್ರದೇಶದ ರಾಜಕಾರಣಿಯೊಬ್ಬರು ತಮ್ಮ ಮನೆಯ ಕೆಲಸಕ್ಕೆ ಬಂದ ಕೂಲಿಗಳು ಬರೀ ಅವಲಕ್ಕಿ ತಿನ್ನುವುದನ್ನು ನೋಡಿ ಅವರು ಬಾಂಗ್ಲಾದೇಶದವರಿರಬೇಕೆಂದು ಅನುಮಾನಿಸಿದ್ದಾಗಿ ಸಾರ್ವಜನಿಕವಾಗಿ ಹೇಳಿದ್ದರು. ಆ ಲೆಕ್ಕದಲ್ಲಿ ನಮ್ಮ ಮಲೆನಾಡಿನವರೆಲ್ಲ ಬೆಳಗಿನ ಎಂಟು ಗಂಟೆಗೆ ಬಾಂಗ್ಲಾದೇಶಿಗಳೇ.

ಶಂಕೆಯ ಮುಖ ಹೇಗಿರುತ್ತದೆಂಬ ಈ ಪ್ರಶ್ನೆ ಹತ್ತು ವರ್ಷ ಮೊದಲು ಅಮೆರಿಕದ ಅರಿಜೋನಾದಲ್ಲಿ ಎದ್ದಿತ್ತು. 2010ರ ಏಪ್ರಿಲ್ 23ರಂದು ಅಲ್ಲಿನ ಗವರ್ನರ್ ಜ್ಯಾನ್ ಬ್ರೂವರ್ ಎಸ್‌ಬಿ 1070 ಎಂಬ ಮಸೂದೆಗೆ ಸಹಿ ಹಾಕಿದರು. ವಲಸೆ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ವಿಷಯ. ಅರಿಜೋನಾ ಅದನ್ನು ರಾಜ್ಯದ ಪೊಲೀಸರ ಕೈಗೆ ಕೊಟ್ಟಿತು. ಬೇರೆ ಯಾವುದೋ ಕಾರಣಕ್ಕೆ ತಡೆದು ನಿಲ್ಲಿಸಿದವನ ಮೇಲೆ ‘ಸಕಾರಣ ಶಂಕೆ’ ಬಂದರೆ ಪೊಲೀಸರು ಅವನ ವಲಸೆಯ ಸ್ಥಿತಿಯನ್ನು ವಿಚಾರಿಸಬೇಕು. ಪರದೇಶಿಯ ಬಳಿ ನೋಂದಣಿಯ ಕಾಗದ ಇಲ್ಲದಿದ್ದರೆ ಅದು ರಾಜ್ಯದ ಕಾನೂನಿನಲ್ಲೂ ಅಪರಾಧ. ಅಕ್ರಮವಾಗಿ ಬಂದವನು ಕೆಲಸ ಕೇಳಿದರೂ ಅಪರಾಧ. ಸಹಿ ಹಾಕಿದ ದಿನ ಪತ್ರಕರ್ತರು, ಅಕ್ರಮ ವಲಸಿಗ ನೋಡಲು ಹೇಗಿರುತ್ತಾನೆ ಎಂದು ಕೇಳಿದಾಗ ಗವರ್ನರ್ ತಮಗೆ ಗೊತ್ತಿಲ್ಲ ಎಂದರು. ಅರಿಜೋನಾದ ಲ್ಯಾಟಿನೊಗಳಿಗೆ ಗೊತ್ತಿತ್ತು. ಆ ನೆಲ 1848ರವರೆಗೆ ಬಹುಪಾಲು ಮೆಕ್ಸಿಕೊದ್ದೇ ಆಗಿತ್ತು; ಗಡಿ ದಾಟದೆಯೇ, ಗಡಿಯೇ ತಮ್ಮನ್ನು ದಾಟಿ ಹೋದ ಮನೆತನಗಳು ಅಲ್ಲಿವೆ. ಬಳ್ಳಾರಿ, ಕಾಸರಗೋಡು, ಸೊಲ್ಲಾಪುರಗಳನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವಿರೋಧ ಹಲವು ಕಡೆಯಿಂದ ಬಂತು. ಸಹಿಗೆ ಮುಂಚೆಯೇ ಒಂಬತ್ತು ವಿದ್ಯಾರ್ಥಿಗಳು ಫೀನಿಕ್ಸಿನ ರಾಜ್ಯಭವನದ ಬಾಗಿಲಿಗೆ ತಮ್ಮನ್ನು ಸರಪಳಿಯಿಂದ ಬಿಗಿದುಕೊಂಡರು. ಕ್ಯಾಲಿಫೋರ್ನಿಯಾದಲ್ಲಿದ್ದ ಕವಿ ಫ್ರಾನ್ಸಿಸ್ಕೊ ಅಲಾರ್ಕೊನ್ ಅವರಿಗಾಗಿ ಕವಿತೆ ಬರೆದರು. ಆಮೇಲೆ ಈ ಕಾನೂನಿಗೆ ಉತ್ತರವಾಗಿ ಕವಿಗಳು ಬರೆಯಲೆಂದೇ ಫೇಸ್‌ಬುಕ್ಕಿನಲ್ಲಿ ಒಂದು ಪುಟ ತೆರೆದರು. ಫೀನಿಕ್ಸಿನ ಬಾಸ್ಕೆಟ್‌ಬಾಲ್ ತಂಡ ಮೇ 5ರ ಆಟಕ್ಕೆ ಅರ್ಧ ಸ್ಪ್ಯಾನಿಷ್ ಹೆಸರಿನ, ‘ಲೊಸ್ ಸನ್ಸ್’ ಎಂಬ ಅಂಗಿ ತೊಟ್ಟು ಇಳಿಯಿತು. ಗಡಿಯ ಪೀಮಾ ಕೌಂಟಿಯ ಶೆರಿಫ್ ಕ್ಲಾರೆನ್ಸ್ ಡಪ್ನಿಕ್, ಇದು ಜನಾಂಗೀಯ ಕಾನೂನು ಎಂದು ಬಹಿರಂಗವಾಗಿ ಖಂಡಿಸಿದರು. ಮೇ 29ರಂದು ಹತ್ತಾರು ಸಾವಿರ ಜನ ಸುಡುಬಿಸಿಲಿನಲ್ಲಿ ನಡೆದರು. ಜುಲೈನಲ್ಲಿ, ಕಾನೂನು ಜಾರಿಗೆ ಬರುವ ಹಿಂದಿನ ದಿನ, ನ್ಯಾಯಾಧೀಶೆ ಸೂಸನ್ ಬೋಲ್ಟನ್ ಅದರ ಮುಖ್ಯ ಭಾಗಗಳಿಗೆ ತಡೆ ಕೊಟ್ಟರು. 2012ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕರಲ್ಲಿ ಮೂರು ಭಾಗಗಳನ್ನು ಹೊಡೆದುಹಾಕಿತು. ‘ಶಂಕೆ ಬಂದರೆ ಕೇಳು’ ಎಂಬ ಭಾಗ ಮಾತ್ರ ಉಳಿಯಿತು. ಮಸೂದೆಯ ಮುಖ್ಯ ರೂವಾರಿ ರಸೆಲ್ ಪಿಯರ್ಸ್ ಅವರನ್ನು ಅವರದೇ ಕ್ಷೇತ್ರದ ಮತದಾರರು 2011ರ ನವೆಂಬರಿನಲ್ಲಿ ಅವಧಿಗೆ ಮುಂಚೆಯೇ ವಾಪಸ್ ಕರೆಸಿಕೊಂಡರು.

ಕವಿತೆಯ ಮಾತು ಬಂತು. 2020ರ ಜನವರಿಯಲ್ಲಿ ಕೊಪ್ಪಳ ಜಿಲ್ಲೆಯ ಆನೆಗೊಂದಿ ಉತ್ಸವದ ಕವಿಗೋಷ್ಠಿಯಲ್ಲಿ ಸಿರಾಜ್ ಬಿಸರಳ್ಳಿ ಕನ್ನಡದಲ್ಲೊಂದು ಪದ್ಯ ಓದಿದರು. ದಾಖಲೆ ಕೇಳುವವನೇ, ನಿನ್ನ ದಾಖಲೆ ಯಾವಾಗ ಕೊಡುತ್ತೀಯ ಎಂಬುದು ಅದರ ಧಾಟಿ. ಓದಿದವರ ಮೇಲೂ ಅದನ್ನು ಹಂಚಿಕೊಂಡ ಪತ್ರಕರ್ತರ ಮೇಲೂ ಮೊಕದ್ದಮೆ ಬಿತ್ತು, ಫೆಬ್ರವರಿಯಲ್ಲಿ ಇಬ್ಬರೂ ಬಂಧನಕ್ಕೊಳಗಾಗಿ ಜಾಮೀನು ಪಡೆದರು. ಉತ್ಸವದ ಕವಿಗೋಷ್ಠಿಗಳ ಕವಿತೆಗಳನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದು ನಾವೆಲ್ಲ ತಿಳಿದಿದ್ದೆವು. ಪೊಲೀಸರಾದರೂ ಕೇಳಿಸಿಕೊಂಡರು.

ಅರಿಜೋನಾಕ್ಕಿಂತ ಕಠಿಣವಾದ ಕಾನೂನು ಅಲಬಾಮಾದಲ್ಲಿ ಬಂತು. 2011ರ ಎಚ್‌ಬಿ 56. ಶಾಲೆಗೆ ಸೇರುವ ಮಕ್ಕಳ ವಲಸೆಯ ಸ್ಥಿತಿಯನ್ನು ಶಾಲೆಯೇ ವಿಚಾರಿಸಬೇಕೆಂದು ಅದು ಹೇಳಿತು. ಸೆಪ್ಟೆಂಬರ್ ಕೊನೆಯಲ್ಲಿ ನ್ಯಾಯಾಲಯ ಅದರ ಬಹುಭಾಗಕ್ಕೆ ಒಪ್ಪಿಗೆ ಕೊಟ್ಟದ್ದೇ ತಡ, ಮುಂದಿನ ಸೋಮವಾರ ಎರಡು ಸಾವಿರಕ್ಕೂ ಹೆಚ್ಚು ಲ್ಯಾಟಿನೊ ಮಕ್ಕಳು ಶಾಲೆಗೆ ಬರಲಿಲ್ಲ. ಅವರಲ್ಲಿ ಎಷ್ಟೋ ಮಕ್ಕಳು ಅಮೆರಿಕದಲ್ಲೇ ಹುಟ್ಟಿದವರು. ಒಂದು ಸಣ್ಣ ಊರಿನ ನೀರು ಸರಬರಾಜು ಕಚೇರಿ, ಗುರುತಿನ ಚೀಟಿ ತೋರಿಸದಿದ್ದರೆ ನಲ್ಲಿ ಸಂಪರ್ಕ ಇಲ್ಲವೆಂದು ಫಲಕ ಹಾಕಿತು. ಕಾಗದವಿಲ್ಲದವನನ್ನು ತಿಳಿದೂ ಗಾಡಿಯಲ್ಲಿ ಕೂರಿಸಿಕೊಂಡು ಹೋಗುವುದು ಕೂಡ ಅಪರಾಧ ಎಂದಾಗ ಕ್ಯಾಥೊಲಿಕ್, ಮೆಥಡಿಸ್ಟ್, ಎಪಿಸ್ಕೋಪಲ್ ಬಿಷಪ್ಪರು ಒಟ್ಟಾಗಿ ಕೋರ್ಟಿಗೆ ಹೋದರು. ನೆರೆಯವನಿಗೆ ನೆರವಾಗುವುದನ್ನೇ ಈ ಕಾನೂನು ಅಪರಾಧ ಮಾಡಿದೆ ಎಂಬುದು ಅವರ ವಾದ. ಬರ್ಮಿಂಗ್‌ಹ್ಯಾಮಿನಲ್ಲಿ ಪ್ರತಿಭಟನೆಯ ಸಭೆ ಸೇರಿದ್ದು 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ. 1963ರಲ್ಲಿ ಬಿಳಿಯ ದ್ವೇಷಿಗಳ ಬಾಂಬಿಗೆ ನಾಲ್ವರು ಕಪ್ಪು ಹುಡುಗಿಯರು ಬಲಿಯಾದ ಚರ್ಚು ಅದು. ಕಪ್ಪು ಜನ ತಮ್ಮ ನೋವಿನ ಮನೆಯನ್ನು ಇನ್ನೊಬ್ಬರ ನೋವಿಗೆ ತೆರೆದರು.

ಆದರೆ ಕಾನೂನಿನ ಬಣ್ಣ ಬಯಲಾದದ್ದು ಟೊಮೆಟೊ ಹೊಲಗಳಲ್ಲಿ. ಕೂಲಿಗಳು ರಾತ್ರೋರಾತ್ರಿ ಊರು ಬಿಟ್ಟರು, ಹಣ್ಣು ಗಿಡದಲ್ಲೇ ಕೊಳೆಯಿತು, ಕಾನೂನಿಗೆ ಓಟು ಕೊಟ್ಟಿದ್ದ ರೈತರೇ ಶಾಸಕರ ಮುಂದೆ ನಿಂತು ಗೋಳಾಡಿದರು. ನವೆಂಬರಿನಲ್ಲಿ ಟಸ್ಕಲೂಸಾದ ಪೊಲೀಸರು ಸರಿಯಾದ ಕಾಗದ ಇಲ್ಲವೆಂದು ಒಬ್ಬನನ್ನು ಹಿಡಿದರು. ನೋಡಿದರೆ ಅವನು ಮರ್ಸಿಡೀಸ್ ಕಾರ್ಖಾನೆಗೆ ಬಂದ ಜರ್ಮನ್ ಅಧಿಕಾರಿ. ರಾಜ್ಯವೇ ಕೈಮುಗಿದು ಕರೆತಂದ ಕಂಪನಿ ಅದು. ಇಂಥವನಿಗಲ್ಲ ನಾವು ಕಾನೂನು ಮಾಡಿದ್ದು ಎಂಬ ಮುಜುಗರ ರಾಜ್ಯದ ತುಂಬ ಹಬ್ಬಿತು. 2013ರಲ್ಲಿ ಮೊಕದ್ದಮೆಗಳು ರಾಜಿಯಲ್ಲಿ ಮುಗಿದಾಗ ಆ ಕಾನೂನಿನ ಹಲ್ಲುಗಳೆಲ್ಲ ಉದುರಿದ್ದವು.

ಇಷ್ಟು ಹೇಳಿ, ವಿರೋಧಿಸಿದವರೆಲ್ಲ ಸರಿ, ಉಳಿದವರೆಲ್ಲ ಕ್ರೂರಿಗಳು ಎಂದುಬಿಟ್ಟರೆ ಇತಿಹಾಸ ಒಪ್ಪುವುದಿಲ್ಲ. ಲ್ಯಾಟಿನೊ ಕೃಷಿ ಕೂಲಿಗಳ ಮಹಾನಾಯಕ ಸೀಸರ್ ಶಾವೆಜ್ 1970ರ ದಶಕದಲ್ಲಿ ಕಾಗದವಿಲ್ಲದ ವಲಸಿಗರ ವಿರುದ್ಧವೇ ನಿಂತಿದ್ದರು. ಮುಷ್ಕರ ಮುರಿಯಲು ಜಮೀನ್ದಾರರು ಅವರನ್ನೇ ಕರೆತರುತ್ತಿದ್ದರು ಎಂಬುದು ಕಾರಣ. ಆ ಸಿಟ್ಟು ಸುಳ್ಳಲ್ಲ. ನಮ್ಮ ಕಾಗದ ಕಾರ್ಖಾನೆಯ ಉತ್ಪಾದನೆ 2015ರ ಸುಮಾರಿಗೆ ನಿಂತು, ಅಪ್ಪಂದಿರು ಕಾರ್ಖಾನೆಯಲ್ಲಿದ್ದ ಮನೆಗಳ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು. ಅವರ ಬಾಯಲ್ಲೂ ‘ಹೊರಗಿನವರು ಕಡಿಮೆ ಕೂಲಿಗೆ ಬರುತ್ತಾರೆ’ ಎಂಬ ಮಾತು ಕೇಳಿದ್ದೇನೆ. 2024ರ ಜುಲೈನಲ್ಲಿ ರಾಜ್ಯ ಸಚಿವ ಸಂಪುಟ ಖಾಸಗಿ ಉದ್ಯಮಗಳಲ್ಲಿ ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಮೀಸಲಿಡುವ ಮಸೂದೆ ಒಪ್ಪಿ, ಉದ್ಯಮಿಗಳ ಗದ್ದಲಕ್ಕೆ ಎರಡೇ ದಿನದಲ್ಲಿ ಅದನ್ನು ತಡೆಹಿಡಿದಾಗ ಈ ಹುಡುಗರಿಗೆ ಆದ ನಿರಾಸೆ ನಿಜವಾದದ್ದು. ಕೆಲಸದ ಭಯವನ್ನು ಬರೀ ದ್ವೇಷವೆಂದು ತಳ್ಳಿಹಾಕಿದ ಚಳವಳಿಗಳು ಆ ಹುಡುಗರನ್ನು ಕಳೆದುಕೊಂಡಿವೆ. ಶಾವೆಜ್ ಮುಂದೆ ತಮ್ಮ ನಿಲುವು ಬದಲಿಸಿದರು. ಕೂಲಿ ಇಳಿಸುವವನು ಕೂಲಿ ಮಾಡುವವನಲ್ಲ, ಕೊಡುವವನು ಎಂಬುದು ಅವರ ಕಣ್ಣೆದುರಿಗೇ ಇತ್ತು.

ಹೊರಗಿನವರು ಹೋಗಲಿ ಎಂದು ಕಾನೂನು ನಿಜವಾಗಿಯೂ ಬಯಸುತ್ತದೆಯೇ? ಬೆಂಗಳೂರು ಇದಕ್ಕೆ ಉತ್ತರ ಕೊಟ್ಟದ್ದು ಶೆಡ್ಡು ಕೆಡವಿದ ಮೂರೂವರೆ ತಿಂಗಳಿಗೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂತು. ಕಟ್ಟಡದ ಕೆಲಸ ನಿಂತಿತು, ಕೂಲಿ ನಿಂತಿತು. ಮೇ ಮೊದಲ ವಾರ ಶ್ರಮಿಕ ರೈಲುಗಳು ಹೊರಟವು. ಬಿಹಾರ, ಒಡಿಶಾ, ಉತ್ತರಪ್ರದೇಶ, ಜಾರ್ಖಂಡಿನವರು ಗಂಟುಮೂಟೆ ಕಟ್ಟಿದರು. ಮೇ 5ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು, ನಮ್ಮ ಶಿಕಾರಿಪುರದವರೇ, ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆ ಸಭೆ ನಡೆಸಿದರು. ಅದೇ ದಿನ ಮರುದಿನದಿಂದ ರೈಲು ಬೇಡವೆಂದು ನೈರುತ್ಯ ರೈಲ್ವೆಗೆ ಸರ್ಕಾರದ ಪತ್ರ ಹೋಯಿತು. ಕಟ್ಟಡಗಳ ಕೆಲಸ ಶುರುವಾಗಬೇಕು, ಕೂಲಿಗಳು ಇರಬೇಕು.

ಜನವರಿಯಲ್ಲಿ ಇಲ್ಲಿರಲು ನಿಮಗೇನು ಹಕ್ಕಿದೆ ಎಂದು ಕೇಳಿದ ಊರು, ಮೇ ತಿಂಗಳಲ್ಲಿ ಇಲ್ಲಿಂದ ಹೋಗಲು ನಿಮಗೇನು ಹಕ್ಕಿದೆ ಎಂದು ಕೇಳಿತು. ಜನ ಹಳಿ ಹಿಡಿದು, ಹೆದ್ದಾರಿ ಹಿಡಿದು ನಡೆಯತೊಡಗಿದರು. ದುಡಿಯುವವರನ್ನು ಒತ್ತೆಯಾಳುಗಳಾಗಿ ಇಟ್ಟುಕೊಂಡಿದ್ದಾರೆ ಎಂದು ಕಾರ್ಮಿಕ ಸಂಘಟನೆಗಳು, ವಕೀಲರು, ವಿರೋಧ ಪಕ್ಷದವರು ಮುಗಿಬಿದ್ದರು. ವಿಷಯ ಹೈಕೋರ್ಟಿಗೂ ಹೋಯಿತು. ಎರಡು ದಿನದಲ್ಲಿ ಸರ್ಕಾರ ಪತ್ರ ವಾಪಸ್ ಪಡೆಯಿತು. ಡಿಸೆಂಬರಿನ ಮೆರವಣಿಗೆಗಳಿಗೆ ಅಲುಗದಿದ್ದವರು, ಚೀಲ ಹೊತ್ತು ಸುಮ್ಮನೆ ನಡೆಯುತ್ತಿದ್ದವರ ಚಿತ್ರಗಳಿಗೆ ಅಲುಗಿದರು.

ಮೇ 8ರಿಂದ ರೈಲುಗಳು ಮತ್ತೆ ಹೊರಟವು. ಹತ್ತಬೇಕಾದವರು ಮೊದಲು ಸೇವಾ ಸಿಂಧು ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಿತ್ತು. ಊರು, ವಿಳಾಸ, ಗುರುತಿನ ಚೀಟಿಯ ಸಂಖ್ಯೆ. ಇಂಗ್ಲಿಷು, ಕನ್ನಡ ಎರಡೂ ಓದಲು ಬಾರದವರು, ಸ್ಮಾರ್ಟ್‌ಫೋನ್ ಇಲ್ಲದವರು ಪೊಲೀಸ್ ಠಾಣೆಗಳ ಮುಂದೆ ಬಿಸಿಲಲ್ಲಿ ಸಾಲು ನಿಂತರು, ಕೈಯಲ್ಲಿ ಆಧಾರ್ ಜೆರಾಕ್ಸ್ ಹಿಡಿದುಕೊಂಡು.